ವಿಷಯಗಳ ಪರಿಚಯವೂ ಆಯ್ಕೆಯೂ

ಹತ್ತನೆಯ ತರಗತಿಯ ಫಲಿತಾಂಶ ಬಂದೊಡನೆ ಮನೆಮನೆಯಲ್ಲಿಯೂ ಒಂದೇ ಪ್ರಶ್ನೆ ಏಳುತ್ತದೆ: ಮುಂದೇನು? ಅಂಕಗಳು ಹೆಚ್ಚಾಗಿದ್ದರೆ ವಿಜ್ಞಾನ, ನಡುತರದವಾದರೆ ವಾಣಿಜ್ಯ, ಕಡಿಮೆಯಾದರೆ ಕಲೆ ಎಂದು ನೆರೆಹೊರೆಯವರೇ ತೀರ್ಪು ಕೊಟ್ಟುಬಿಡುತ್ತಾರೆ. ‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂಬ ಗಾದೆಯುಂಟು. ವಿದ್ಯೆಯೂ ಊಟದಂತೆ ಅರಗಿಸಿಕೊಳ್ಳಬೇಕಾದುದು. ಅದನ್ನು ಪರರಿಚ್ಛೆಗೆ ಬಿಡುವುದು ಲೇಸಲ್ಲ. ಆದರೆ ರುಚಿ ನೋಡದೆ ಇಚ್ಛೆ ಹುಟ್ಟುವುದಾದರೂ ಹೇಗೆ?

ಪಠ್ಯಪುಸ್ತಕಗಳ ನಡುವೆ ಕಾಣುವ ಗೋಡೆಗಳು ಜ್ಞಾನದಲ್ಲಿಲ್ಲ. 1952ರಲ್ಲಿ ಚಿದಂಬರದಲ್ಲಿ ಜನಿಸಿದ ವೆಂಕಟರಾಮನ್ ರಾಮಕೃಷ್ಣನ್ ಅವರು ಬರೋಡದಲ್ಲಿ ಭೌತಶಾಸ್ತ್ರದ ಪದವಿಯನ್ನೂ, 1976ರಲ್ಲಿ ಅಮೆರಿಕದ ಓಹಾಯೊ ವಿಶ್ವವಿದ್ಯಾಲಯದಿಂದ ಅದೇ ಶಾಸ್ತ್ರದಲ್ಲಿ ಡಾಕ್ಟರೇಟನ್ನೂ ಪಡೆದರು. ಅನಂತರ ಮನಸ್ಸು ಜೀವಶಾಸ್ತ್ರದತ್ತ ತಿರುಗಲು, ಸಂಕೋಚಪಡದೆ ಮತ್ತೆ ವಿದ್ಯಾರ್ಥಿಯಾಗಿ ಕುಳಿತರು. ರೈಬೋಸೋಮಿನ ರಚನೆಯನ್ನು ಕುರಿತ ಸಂಶೋಧನೆಗಾಗಿ 2009ರಲ್ಲಿ ಅವರು ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು. ಅದು ರಸಾಯನಶಾಸ್ತ್ರದ ಪಾರಿತೋಷಕ! ನಮ್ಮ ಬಿ. ಜಿ. ಎಲ್. ಸ್ವಾಮಿಯವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಅವರ ‘ಹಸುರು ಹೊನ್ನು’ ಕೃತಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು.

ಹಾಗೆಂದು ಎಲ್ಲ ಬಾಗಿಲುಗಳೂ ಸದಾ ತೆರೆದಿರುವುದಿಲ್ಲ. ಐ.ಐ.ಟಿ.ಗಳ ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆಗೆ ಗಣಿತ ಬೇಕು. ವೈದ್ಯಕೀಯದ ನೀಟ್ ಪರೀಕ್ಷೆಗೆ ಜೀವಶಾಸ್ತ್ರ ಬೇಕು. ದೆಹಲಿ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಆನರ್ಸ್ ಓದಬಯಸುವವನಿಗೂ ಗಣಿತವಿಲ್ಲದೆ ಪ್ರವೇಶವಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಪದವಿಯಲ್ಲಿ ಮುಖ್ಯ ವಿಷಯದೊಡನೆ ಬೇರೆ ಶಾಖೆಯ ವಿಷಯವನ್ನೂ ಓದಲು ಎಡೆಮಾಡಿದೆಯಾದರೂ, ಹನ್ನೊಂದನೆಯ ತರಗತಿಯಲ್ಲಿ ಕೈಬಿಟ್ಟ ವಿಷಯವನ್ನು ಮುಂದೆ ಹಿಡಿಯುವುದು ಸುಲಭವಲ್ಲ. ಆದುದರಿಂದ ಕೈಬಿಡುವ ಮೊದಲೇ ಪರಿಚಯ ಆಗಬೇಕು.

ಅದಕ್ಕೆ ಹಣ ಬೇಕಿಲ್ಲ. ಮೇಲಿನ ತರಗತಿಯವರಿಂದ ಒಂದೊಂದು ವಿಷಯದ ಪುಸ್ತಕವನ್ನು ಎರವಲು ತಂದು ಮೊದಲ ಅಧ್ಯಾಯವನ್ನು ಓದಿರಿ. ಕೊನೆಯ ಪ್ರಶ್ನೆಗಳಲ್ಲಿ ಎರಡನ್ನಾದರೂ ಬಿಡಿಸಿರಿ. ಉತ್ತರ ಬರಲಿ, ಬಾರದಿರಲಿ; ಪುಸ್ತಕ ಮುಚ್ಚಿದ ಮೇಲೂ ಆ ಪ್ರಶ್ನೆ ಮನಸ್ಸಿನಲ್ಲಿ ಉಳಿದರೆ ಅದೇ ಒಲವಿನ ಗುರುತು.

ಕನ್ನಡ ಮಾಧ್ಯಮದವರಾದ ನಮಗೆ ಮತ್ತೊಂದು ಎಚ್ಚರಿಕೆ ಅವಶ್ಯ. ಇಂಗ್ಲಿಷ್ ಪಾರಿಭಾಷಿಕ ಪದಗಳನ್ನು ಕಂಡು ‘ಈ ವಿಷಯ ನನಗಲ್ಲ’ ಎಂದು ಹಿಂದೆಗೆಯುವವರುಂಟು. ಆ ಅಳುಕು ಭಾಷೆಯದೋ ವಿಷಯದ್ದೋ ಎಂಬುದನ್ನು ಪರೀಕ್ಷಿಸಿರಿ. ಅದೇ ಪಾಠವನ್ನು ಕನ್ನಡದಲ್ಲಿ ಗೆಳೆಯನಿಗೆ ವಿವರಿಸಬಲ್ಲಿರಾದರೆ ವಿಷಯವು ನಿಮ್ಮ ಕೈವಶವಾಗಿದೆಯೆಂದೇ ಅರ್ಥ. ಪದಗಳನ್ನು ಅಭ್ಯಾಸದಿಂದ ಗಳಿಸಬಹುದು. ಭಾಷೆಯ ಭಯದಿಂದ ಒಲಿದ ವಿದ್ಯೆಯನ್ನು ಯಾರೂ ಬಿಟ್ಟುಕೊಡದಿರಲಿ.