ನಾಲಗೆಗೆ ಸೇರದ ಆಹಾರ

ಇಂಗ್ಲೆಂಡಿನ ಬ್ರಿಸ್ಟಲ್ ನಗರದ ವೈದ್ಯರು 2019ರಲ್ಲಿ ಒಬ್ಬ ತರುಣನ ವೃತ್ತಾಂತವನ್ನು ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಹದಿನಾಲ್ಕನೆಯ ವಯಸ್ಸಿನಲ್ಲಿ ಆ ಹುಡುಗನು ಆಯಾಸವೆಂದು ವೈದ್ಯರ ಬಳಿಗೆ ಹೋಗಿದ್ದನು. ರಕ್ತಹೀನತೆಯೂ ಬಿ-12 ಜೀವಸತ್ವದ ಕೊರತೆಯೂ ಕಂಡುಬಂದುವು. ಚುಚ್ಚುಮದ್ದು ಕೊಟ್ಟು, ಆಹಾರವನ್ನು ತಿದ್ದಿಕೊಳ್ಳುವಂತೆ ಹೇಳಿ ಕಳುಹಿಸಿದರು. ಮರುವರ್ಷ ಕಿವಿ ಮಂದವಾಯಿತು. ಅನಂತರ ದೃಷ್ಟಿ ಕುಂದತೊಡಗಿತು. ಹದಿನೇಳನೆಯ ವಯಸ್ಸಿಗೆ ಎರಡು ಕಣ್ಣುಗಳ ನರಗಳೂ ಶಾಶ್ವತವಾಗಿ ಕೆಟ್ಟಿದ್ದುವು. ವಿಚಾರಿಸಲಾಗಿ ತಿಳಿದುದೇನೆಂದರೆ, ಪ್ರಾಥಮಿಕ ಶಾಲೆಯ ದಿನಗಳಿಂದಲೂ ಆತನ ಆಹಾರವೆಲ್ಲ ಕರಿದ ಆಲೂಗಡ್ಡೆ, ಬಿಳಿಯ ಬ್ರೆಡ್ಡು, ಸಂಸ್ಕರಿಸಿದ ಮಾಂಸದ ಹೋಳು ಇಷ್ಟರಲ್ಲಿಯೇ ಮುಗಿಯುತ್ತಿತ್ತು. ಎತ್ತರವೂ ತೂಕವೂ ಸರಿಯಾಗಿಯೇ ಇದ್ದುದರಿಂದ ಕೊರತೆಯು ಹೊರಗೆ ಕಾಣುವಂತಿರಲಿಲ್ಲ. ಉಳಿದ ಪದಾರ್ಥಗಳನ್ನು ಏಕೆ ಮುಟ್ಟಲಿಲ್ಲವೆಂದರೆ, ಅವು ಬಾಯಿಗೆ ತಾಕುವ ಬಗೆಯೇ ತನಗೆ ಆಗದು ಎಂದನಂತೆ.

ನಮ್ಮ ವಿದ್ಯಾರ್ಥಿನಿಲಯಗಳಲ್ಲಿ ಇಷ್ಟು ವಿಪರೀತದ ಪ್ರಸಂಗ ಅಪೂರ್ವ. ಆದರೆ ಬೆಂಡೆ, ಬದನೆ, ಸೊಪ್ಪುಗಳನ್ನು ತಟ್ಟೆಯ ಅಂಚಿಗೆ ಒತ್ತರಿಸಿ, ತಿಳಿಸಾರು, ಮೊಸರನ್ನ, ಉಪ್ಪಿನಕಾಯಿಗಳಲ್ಲಿ ಊಟ ಪೂರೈಸುವವರು ಪ್ರತಿಯೊಂದು ಪಂಕ್ತಿಯಲ್ಲಿಯೂ ಉಂಟು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 19 ವರ್ಷದ ಹೆಣ್ಣುಮಕ್ಕಳ ಪೈಕಿ ನೂರಕ್ಕೆ 59 ಮಂದಿಗೆ ರಕ್ತಹೀನತೆ ಕಂಡುಬಂದಿತು. ಬಡತನ ಮೊದಲಾದ ಕಾರಣಗಳು ಇದಕ್ಕೆ ಅನೇಕವಿವೆ. ಬಡಿಸಿದ ಸೊಪ್ಪನ್ನು ಬಿಟ್ಟೇಳುವುದೂ ಅವುಗಳ ಸಾಲಿಗೆ ಸೇರಬೇಕಾಗಿಲ್ಲ.

ಹೀಗೆ ಬಿಟ್ಟೇಳುವವರಿಗೆ ಮನೆಯಲ್ಲಿ ಹಟಮಾರಿಗಳೆಂಬ ಬಿರುದು ಬರುವುದು ವಾಡಿಕೆ. ಆ ಬಿರುದು ಪೂರ್ಣವಾಗಿ ನ್ಯಾಯವಾದುದಲ್ಲ. 1931ರಲ್ಲಿ ಅಮೆರಿಕದ ಡ್ಯೂಪಾಂಟ್ ಕಂಪೆನಿಯ ಪ್ರಯೋಗಶಾಲೆಯಲ್ಲಿ ಆರ್ಥರ್ ಫಾಕ್ಸ್ ಎಂಬ ರಸಾಯನಜ್ಞನು ಫಿನೈಲ್ ಥಯೊಕಾರ್ಬಮೈಡ್ ಎಂಬ ಪುಡಿಯನ್ನು ಸೀಸೆಗೆ ತುಂಬುತ್ತಿದ್ದಾಗ ಅದರ ಧೂಳು ಹಾರಿತು. ಹತ್ತಿರವಿದ್ದ ಸಹೋದ್ಯೋಗಿಯು ಬಾಯೆಲ್ಲ ಕಹಿಯಾಯಿತೆಂದು ದೂರಿದನು. ಫಾಕ್ಸನಿಗೆ ಯಾವ ರುಚಿಯೂ ತಿಳಿಯಲಿಲ್ಲ. ಒಂದೇ ವಸ್ತು ಒಬ್ಬನಿಗೆ ಕಹಿ, ಮತ್ತೊಬ್ಬನಿಗೆ ಸಪ್ಪೆ! ಈ ವ್ಯತ್ಯಾಸ ತಂದೆತಾಯಿಗಳಿಂದ ಬರುವುದೆಂಬುದು ಬೇಗನೆ ಸ್ಥಿರಪಟ್ಟಿತು. ಅದಕ್ಕೆ ಕಾರಣವಾದ ಜೀನ್ 2003ರಲ್ಲಿ ಪತ್ತೆಯಾಯಿತು. ಎಲೆಕೋಸು, ಮೂಲಂಗಿಗಳ ಬಳಗದ ತರಕಾರಿಗಳಲ್ಲಿ ಈ ಪುಡಿಗೆ ರಚನೆಯಲ್ಲಿ ಹತ್ತಿರವಾದ ವಸ್ತುಗಳಿವೆ. ಆದುದರಿಂದ ಅಣ್ಣನಿಗೆ ಸಿಹಿಯೆನಿಸಿದ ಕೋಸು ತಂಗಿಗೆ ಕಹಿಯೆನಿಸಿದರೆ ಆಕೆ ಸುಳ್ಳು ಹೇಳುತ್ತಿರುವಳೆಂದು ಭಾವಿಸಬೇಕಾಗಿಲ್ಲ. (ನಾಲಗೆಯ ತುದಿಯಲ್ಲಿ ಸಿಹಿ, ಬುಡದಲ್ಲಿ ಕಹಿ ಎಂದು ಪಠ್ಯಪುಸ್ತಕಗಳಲ್ಲಿ ಬರುತ್ತಿದ್ದ ನಕ್ಷೆ ಮಾತ್ರ ತಪ್ಪು. ಪರೀಕ್ಷೆಯಲ್ಲಿ ಅದನ್ನು ಬರೆದು ಅಂಕ ಪಡೆದವರಲ್ಲಿ ನಾವೂ ಒಬ್ಬರು.)

ರುಚಿಯೆಂದು ನಾವು ಕರೆಯುವುದರಲ್ಲಿ ಹೆಚ್ಚಿನ ಪಾಲು ವಾಸನೆಯದು. ಮೂಗನ್ನು ಬಿಗಿಯಾಗಿ ಹಿಡಿದು, ಏಲಕ್ಕಿ ಬೆರೆಸಿದ ಬೆಲ್ಲದ ಚೂರೊಂದನ್ನು ಅಗಿದು ನೋಡಿ. ಬರಿಯ ಸಿಹಿ ತಿಳಿಯುತ್ತದೆ. ಮೂಗನ್ನು ಬಿಟ್ಟೊಡನೆ ಏಲಕ್ಕಿ ಪ್ರತ್ಯಕ್ಷವಾಗುತ್ತದೆ. ಗಂಟಲಿನ ಹಿಂಬದಿಯಿಂದ ಆವಿ ಮೂಗಿಗೇರುವುದೇ ಇದರ ಕಾರಣ. ತಾಪ ಹೆಚ್ಚಿದಂತೆ ಆವಿಯ ಒತ್ತಡವೂ ಹೆಚ್ಚುವುದೆಂಬುದನ್ನು ನೀವು ಓದಿರುವಿರಷ್ಟೆ. ಹೊಗೆಯಾಡುವ ಕೋಸಿನ ಪಲ್ಯದ ಗಂಧಕದ ನಾತ ಸಹಿಸದವರು ಅದೇ ಕೋಸನ್ನು ಹಸಿಯಾಗಿ ಹೆಚ್ಚಿ, ನಿಂಬೆರಸ ಹಿಂಡಿ, ಕೋಸಂಬರಿಯಾಗಿ ತಿನ್ನಬಲ್ಲರು. ಕೋಸು ಹೆಚ್ಚು ಹೊತ್ತು ಬೆಂದಷ್ಟೂ ಆ ನಾತವೂ ಹೆಚ್ಚು.

ಇನ್ನು ಸ್ಪರ್ಶದ ವಿಚಾರ. ಬ್ರಿಸ್ಟಲಿನ ಹುಡುಗನನ್ನು ಕಾಡಿದುದು ಇದೇ. ನಮ್ಮ ಅನುಭವದಲ್ಲಿ ಹೆಚ್ಚು ಮಂದಿಯನ್ನು ಕಾಡುವುದೂ ಇದೇ. ಭೌತವಿಜ್ಞಾನವನ್ನು ಕಲಿಸುವ ನಮಗೆ ಇದರಲ್ಲಿ ಸ್ವಲ್ಪ ಹೆಚ್ಚಿನ ಆಸಕ್ತಿಯೂ ಉಂಟು. ಹಸಿಯ ಸೌತೆಕಾಯಿಯ ಪ್ರತಿಯೊಂದು ಜೀವಕೋಶವೂ ನೀರು ತುಂಬಿ ಬಿಗಿದ ಪುಟ್ಟ ಚೀಲ. ಹಲ್ಲು ತಾಕಿದಾಗ ಚೀಲಗಳು ಒಡೆದು ಸದ್ದಾಗುತ್ತದೆ. ಬೇಯಿಸಿದರೆ ಕೋಶಗಳನ್ನು ಅಂಟಿಸಿದ್ದ ಪೆಕ್ಟಿನ್ ಕರಗಿ ಅವು ಒಂದರಿಂದೊಂದು ಜಾರುತ್ತವೆ, ಕಾಯಿ ಮೆತ್ತಗಾಗುತ್ತದೆ. ಕರಿದರೆ ನೀರು ಹಬೆಯಾಗಿ ಹೋಗಿ, ರಂಧ್ರಮಯವಾದ ಗಡುಸು ಪದಾರ್ಥ ಉಳಿಯುತ್ತದೆ. ಈ ಗರಿಗರಿ ಎಂಬುದನ್ನು ಬಾಯಿಯಷ್ಟೇ ಅಲ್ಲದೆ ಕಿವಿಯೂ ನಿರ್ಣಯಿಸುತ್ತದೆ. 2004ರಲ್ಲಿ ಜಂಪೀನಿ ಮತ್ತು ಸ್ಪೆನ್ಸ್ ಎಂಬ ವಿಜ್ಞಾನಿಗಳು ಆಲೂಗಡ್ಡೆಯ ಚಿಪ್ಸ್ ಕಡಿಯುವವರ ಕಿವಿಗೆ ಆ ಸದ್ದನ್ನೇ ಯಂತ್ರದ ಮೂಲಕ ಕೇಳಿಸಿದರು. ಸದ್ದನ್ನು ಜೋರುಮಾಡಿದಾಗ, ಅಥವಾ ಅದರ ಹೆಚ್ಚಿನ ಆವೃತ್ತಿಯ ಅಂಶವನ್ನು ಏರಿಸಿದಾಗ, ಅದೇ ಚಿಪ್ಸ್ ಹೆಚ್ಚು ಗರಿಗರಿಯಾಗಿಯೂ ತಾಜಾ ಆಗಿಯೂ ತೋರಿತು!

ಬೆಂಡೆಕಾಯಿಯ ಲೋಳೆಯನ್ನು ತೆಗೆದುಕೊಳ್ಳೋಣ. ಅದು ಸಕ್ಕರೆಯ ಘಟಕಗಳು ಸರಪಣಿಯಂತೆ ಬೆಸೆದ ಉದ್ದುದ್ದನೆಯ ಅಣುಗಳಿಂದಾದುದು. ನೀರಿನಲ್ಲಿ ಈ ಸರಪಣಿಗಳು ಹರಡಿ, ಒಂದಕ್ಕೊಂದು ತೊಡರಿಕೊಂಡು ಸ್ನಿಗ್ಧತೆಯನ್ನು ಹೆಚ್ಚಿಸುತ್ತವೆ, ನೂಲೆಳೆಯುವುದು ಅದರಿಂದಲೇ. ಕಾಯನ್ನು ತೊಳೆದು ಒರೆಸಿದ ಮೇಲೆಯೇ ಹೆಚ್ಚಬೇಕು, ಮುಚ್ಚಳವಿಡದೆ ಹುರಿಯಬೇಕು, ಹುಣಿಸೆಹುಳಿ ಬೀಳಬೇಕು ಎಂದು ಅಡಿಗೆ ಬಲ್ಲವರು ಹೇಳುವುದು ಬರಿಯ ಸಂಪ್ರದಾಯವಲ್ಲ. ನೀರು ಕಡಿಮೆಯಾದರೆ ಲೋಳೆ ಹರಡದು. ಹುಳಿಯು ಅದರ ಅಂಟನ್ನು ಮುರಿಯುತ್ತದೆ. ಸೊಪ್ಪಿನ ಪಲ್ಯದಲ್ಲಿ ಮೆತ್ತನೆಯ ಎಲೆಯೂ ದಂಟಿನ ನಾರೂ ಬಾಯಿಗೆ ಬೇರೆಬೇರೆಯಾಗಿ ಸಿಗುತ್ತವೆ. ಅನೇಕರಿಗೆ ಸೇರದಿರುವುದು ಸೊಪ್ಪಲ್ಲ, ಈ ಬೆರಕೆ. ಬೇಳೆಯೊಡನೆ ಬೇಯಿಸಿ ಮಸೆದ ಮಸ್ಸೊಪ್ಪಿನಲ್ಲಿ ಅದು ಮಾಯವಾಗುತ್ತದೆ. ಅದರ ಮೇಲೆ ನಿಂಬೆರಸ ಹಿಂಡಿಕೊಂಡರೆ ಸಿ ಜೀವಸತ್ವದ ನೆರವಿನಿಂದ ಕಬ್ಬಿಣಾಂಶವು ಚೆನ್ನಾಗಿ ರಕ್ತಗತವಾಗುವುದು. ಊಟದೊಡನೆಯೇ ಚಹಾ ಕುಡಿದರೆ ಅದಕ್ಕೆ ಅಡ್ಡಿ. ಹಾಗಲಕಾಯಿಗೆ ಉಪ್ಪು ಸವರಿ ಹಿಂಡುವುದರಿಂದ ಕಹಿರಸ ಸ್ವಲ್ಪ ಇಳಿದುಹೋಗುತ್ತದೆ. ಅಷ್ಟೇ ಅಲ್ಲ, ಉಪ್ಪಿನಲ್ಲಿರುವ ಸೋಡಿಯಂ ಕಹಿಯ ಸಂವೇದನೆಯನ್ನು ಅಡಗಿಸುತ್ತದೆಂದು 1997ರಲ್ಲಿ ಬ್ರೆಸ್ಲಿನ್ ಮತ್ತು ಬೋಶಾಂಪ್ ತೋರಿಸಿದರು.

ಕೆಲವು ದ್ವೇಷಗಳಿಗೆ ನಾಲಗೆಯಾಗಲಿ ಮೂಗಾಗಲಿ ಕಾರಣವಲ್ಲ, ನೆನಪು ಕಾರಣ. 1955ರಲ್ಲಿ ಜಾನ್ ಗಾರ್ಸಿಯ ಮತ್ತು ಸಂಗಡಿಗರು ಇಲಿಗಳಿಗೆ ಸ್ಯಾಕರಿನ್ ಬೆರೆಸಿದ ಸಿಹಿನೀರನ್ನು ಕುಡಿಸುವಾಗ ಅವುಗಳ ಮೇಲೆ ಗ್ಯಾಮಾ ಕಿರಣಗಳನ್ನು ಹಾಯಿಸಿದರು. ಅಸ್ವಸ್ಥವಾದ ಇಲಿಗಳು ಮುಂದೆ ತಮಗೆ ಪ್ರಿಯವಾದ ಸಿಹಿನೀರನ್ನೇ ದೂರವಿಟ್ಟುವು. ಜ್ವರದಲ್ಲಿ ಒಮ್ಮೆ ವಾಂತಿಯಾದುದಕ್ಕೆ ಉಪ್ಪಿಟ್ಟನ್ನು ಇಂದಿಗೂ ಕಂಡರಾಗದವರ ಸ್ಥಿತಿ ಈ ಇಲಿಗಳದೇ.

ನೆನಪು ಕೆಡಿಸಿದುದನ್ನು ಅಭ್ಯಾಸ ಸರಿಪಡಿಸಬಲ್ಲದು. ಲೀಆನ್ ಬರ್ಚ್ ಎಂಬ ಮನಶ್ಶಾಸ್ತ್ರಜ್ಞೆ 1982ರಲ್ಲಿ ಎರಡು ವರ್ಷದ ಮಕ್ಕಳಿಗೆ ಅಪರಿಚಿತ ತಿಂಡಿಗಳನ್ನು ಮತ್ತೆ ಮತ್ತೆ ಕೊಟ್ಟು ನೋಡಿದಾಗ, ಹೆಚ್ಚು ಬಾರಿ ತಿಂದುದು ಹೆಚ್ಚು ಮೆಚ್ಚುಗೆಯಾಯಿತು. 1987ರಲ್ಲಿ ಇನ್ನೊಂದು ಸಂಗತಿ ಹೊರಬಿತ್ತು: ಬರಿಯ ನೋಡುವುದರಿಂದ ರುಚಿ ಒಗ್ಗದು, ಬಾಯಿಗೆ ಹಾಕಿಕೊಳ್ಳಲೇಬೇಕು. ಬಲವಂತವಂತೂ ವಿರುದ್ಧ ಫಲ ಕೊಡುತ್ತದೆ. 2006ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಸೂಪನ್ನು ಮುಗಿಸೆಂದು ಒತ್ತಾಯಿಸಿದಾಗ ಮಕ್ಕಳು ಕಡಿಮೆ ಕುಡಿದು ಹೆಚ್ಚು ದೂರಿದರು.

ಆದುದರಿಂದ ಒಮ್ಮೆಗೆ ಒಂದೇ ತರಕಾರಿಯನ್ನು ಆರಿಸಿಕೊಳ್ಳಿ. ಹಸಿದಿರುವಾಗ, ಊಟದ ಮೊದಲಿನಲ್ಲಿ, ಬೆರಳ ತುದಿಯಷ್ಟು ಹೋಳನ್ನು, ನಿಮಗೆ ಪ್ರಿಯವಾದ ಅನ್ನದೊಡನೆಯೋ ರೊಟ್ಟಿಯೊಡನೆಯೋ ತಿನ್ನಿ. ಹತ್ತು ಹದಿನೈದು ಸಲವಾಗುವವರೆಗೆ ತೀರ್ಪು ಕೊಡಬೇಡಿ. ನಾವು ಬದನೆಕಾಯಿಯ ವಿಷಯದಲ್ಲಿ ಹೀಗೆ ಮಾಡಿ, ದಿನದಿನದ ಅಭಿಪ್ರಾಯವನ್ನು ಪ್ರಯೋಗದ ಪುಸ್ತಕದಲ್ಲಿ ಗುರುತುಹಾಕಿದೆವು. ಒಂಬತ್ತನೆಯ ದಿನದವರೆಗೆ ಒಂದೇ ಗುರುತು: ‘ಬೇಡ’. ಹನ್ನೊಂದನೆಯ ದಿನ ಸುಟ್ಟ ಬದನೆಯ ಗೊಜ್ಜು ‘ಆಗಬಹುದು’ ಎಂದು ಬರೆದೆವು. ಹಾಗಲಕಾಯಿ ಇಪ್ಪತ್ತು ಸಲವಾದರೂ ಒಗ್ಗಲಿಲ್ಲ, ಅದನ್ನು ಬಿಟ್ಟೆವು.

ಬಿಟ್ಟರೆ ನಷ್ಟವೂ ಇಲ್ಲ, ಏಕೆಂದರೆ ದೇಹ ಕೇಳುವುದು ಹಾಗಲವನ್ನಲ್ಲ, ಪೋಷಕಾಂಶಗಳನ್ನು. ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು ತರಕಾರಿ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಯಾವುದೆಂಬುದು ನಮ್ಮ ಆಯ್ಕೆ. ಸೊಪ್ಪು ಒಗ್ಗದವರು ಎ ಜೀವಸತ್ವಕ್ಕಾಗಿ ಕ್ಯಾರೆಟ್ಟನ್ನೂ ಪರಂಗಿಹಣ್ಣನ್ನೂ, ಸಿ ಜೀವಸತ್ವಕ್ಕಾಗಿ ಸೀಬೆಹಣ್ಣನ್ನೂ ನಂಬಬಹುದು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಉಂಟು; ಪಾಲಿಶ್ ಮಾಡಿದ ಅಕ್ಕಿಯಲ್ಲಿ ಹತ್ತರ ಆಸುಪಾಸು. ಬಿ-12 ಮಾತ್ರ ಸಸ್ಯಾಹಾರದಲ್ಲಿ ಸಹಜವಾಗಿ ದೊರೆಯದು. ಮಾಂಸ, ಮೀನು, ಮೊಟ್ಟೆಗಳನ್ನು ತಿನ್ನದವರು ಹಾಲು ಮೊಸರುಗಳನ್ನೂ ಬಿಟ್ಟರೆ ವೈದ್ಯರನ್ನು ಕೇಳಿ ಮಾತ್ರೆಯನ್ನು ತೆಗೆದುಕೊಳ್ಳಬೇಕಾಗುತ್ತದೆ.

ಬೆರಳೆಣಿಕೆಯ ಪದಾರ್ಥಗಳಲ್ಲಿಯೇ ಬದುಕುವವರ, ಹೊಸದನ್ನು ಬಾಯಿಗಿಟ್ಟರೆ ಓಕರಿಕೆ ಬರುವವರ ಸಮಸ್ಯೆ ಬೇರೆ. 2013ರಲ್ಲಿ ಅಮೆರಿಕದ ಮನೋವೈದ್ಯರ ಸಂಘವು ಇದನ್ನು ಪ್ರತ್ಯೇಕ ವ್ಯಾಧಿಯೆಂದು ತನ್ನ ಪಟ್ಟಿಗೆ ಸೇರಿಸಿತು. ಅಂಥವರು ಮೇಲೆ ಹೇಳಿದ ಅಭ್ಯಾಸವನ್ನು ಒಬ್ಬರೇ ಮಾಡಹೋಗದೆ, ಒಂದು ವಾರ ತಾವು ತಿಂದುದೆಲ್ಲವನ್ನೂ ಬರೆದಿಟ್ಟು, ಆ ಹಾಳೆಯೊಡನೆ ವೈದ್ಯರನ್ನು ಕಾಣಬೇಕು. ತೂಕ ಸರಿಯಾಗಿದ್ದರೂ ಹಿಮೋಗ್ಲೋಬಿನ್ ಮತ್ತು ಬಿ-12 ಪರೀಕ್ಷೆಗಳನ್ನು ಮಾಡಿಸುವಂತೆ ಕೇಳಬೇಕು.