ಪತಿಗಿಲ್ಲದ ಕಡಿತ ಪತ್ನಿಗುಂಟು

ಪ್ರಶ್ನೆ: ನಾವು ನ್ಯೂಜೆರ್ಸಿಯ ನಿವಾಸಿಗಳು. ನನಗೆ ಕಂಪನಿಯ 401ಕೆ ನಿವೃತ್ತಿ ಯೋಜನೆಯಿದೆ, ಪತ್ನಿಗೆ ಉದ್ಯೋಗವಿಲ್ಲ. 2025ರ ಜಂಟಿ ಆದಾಯ 1,50,000 ಡಾಲರ್. ಇಬ್ಬರ ಸಾಂಪ್ರದಾಯಿಕ ಐಆರ್‌ಎ (ವೈಯಕ್ತಿಕ ನಿವೃತ್ತಿ) ಖಾತೆಗಳಿಗೂ ತಲಾ 7,000 ಡಾಲರ್ ಕಟ್ಟಿದ್ದೇವೆ. ಆದಾಯ ಹೆಚ್ಚಾದ್ದರಿಂದ ತೆರಿಗೆ ಕಡಿತ ಸಿಗದೆಂದು ಗೆಳೆಯರೆನ್ನುತ್ತಾರೆ. ನಿಜವೆ?

ಉತ್ತರ: ತಮ್ಮ ಗೆಳೆಯರ ಮಾತು ಅರ್ಧಸತ್ಯ. ಉದ್ಯೋಗದಾತರ ನಿವೃತ್ತಿ ಯೋಜನೆಗೆ ಒಳಪಟ್ಟವರು ಜಂಟಿಯಾಗಿ ತೆರಿಗೆ ವಿವರ (ರಿಟರ್ನ್) ಸಲ್ಲಿಸುವಾಗ, 2025ರ ಮಟ್ಟಿಗೆ, ಪರಿಷ್ಕೃತ ಆದಾಯವು 1,26,000 ಡಾಲರನ್ನು ದಾಟಿದೊಡನೆ ಕಡಿತವು ಕ್ರಮೇಣ ಕ್ಷೀಣಿಸಿ 1,46,000ಕ್ಕೆ ಸಂಪೂರ್ಣವಾಗಿ ಲೋಪಿಸುವುದರಿಂದ, ತಮ್ಮ ಖಾತೆಯ ಹಣಕ್ಕೆ ಕಡಿತವಿಲ್ಲ; ಆದರೆ ಯಾವ ಯೋಜನೆಗೂ ಒಳಪಡದ ತಮ್ಮ ಪತ್ನಿಯ ವಿಷಯದಲ್ಲಿ ಆ ಕ್ಷಯವು 2,36,000ದಿಂದ ಮಾತ್ರ ಆರಂಭವಾಗುವುದಾದಕಾರಣ, ಆಕೆಯ 7,000 ಡಾಲರನ್ನು ಪೂರ್ಣವಾಗಿ ಕಳೆಯಬಹುದು. ಈ ಹಕ್ಕನ್ನರಿಯದೆ ಎಷ್ಟೋ ಗೃಹಸ್ಥರು ಅದನ್ನು ತ್ಯಜಿಸುತ್ತಿರುವುದು ನಿಜಕ್ಕೂ ಖೇದಕರ. ತಾವು ಹಾಗೆ ಮಾಡಬೇಡಿರಿ.

ತಮ್ಮ ಪಾಲಿನ ಹಣವನ್ನು, ಅದು ಗಳಿಸಿದ ಲಾಭಸಮೇತ, ತೆರಿಗೆ ವಿವರ ಸಲ್ಲಿಸುವ ಗಡುವಿನೊಳಗೆ, ತೆರಿಗೆ ತೆತ್ತ ಹಣವನ್ನೇ ತುಂಬುವ ರಾತ್ ಐಆರ್‌ಎ ಖಾತೆಯ ವಂತಿಗೆಯೆಂದು ಮರುವರ್ಗೀಕರಿಸುವಂತೆ ಖಾತೆಯ ಸಂಸ್ಥೆಗೆ ಬರೆದು ತಿಳಿಸುವುದೇ ನನ್ನ ಅಭಿಪ್ರಾಯದಲ್ಲಿ ಶ್ರೇಯಸ್ಕರ. ತಮ್ಮ ಆದಾಯ ಅದಕ್ಕೆ ಅಡ್ಡಿಯಲ್ಲ. ಇದ್ದಲ್ಲೇ ಇರಿಸುವುದಾದರೆ 8606 ಸಂಖ್ಯೆಯ ನಮೂನೆಯನ್ನು ತಪ್ಪದೆ ಲಗತ್ತಿಸಿರಿ. ತೆರಿಗೆ ತೆತ್ತ ಹಣವೆಂಬುದಕ್ಕೆ ಆ ದಾಖಲೆಯಿಲ್ಲದಿದ್ದರೆ, ಮುಂದೆ ಹಿಂಪಡೆಯುವಾಗ ಅದೇ ಹಣಕ್ಕೆ ಪುನಃ ತೆರಿಗೆ ತೆರಬೇಕಾದೀತು. ಭಾರತದ ಬ್ಯಾಂಕಿನಲ್ಲಿ ಠೇವಣಿಯಿದ್ದರೆ, ಅದರ ಬಡ್ಡಿಯೂ ಮೇಲೆ ಹೇಳಿದ ಪರಿಷ್ಕೃತ ಆದಾಯದ ಲೆಕ್ಕಕ್ಕೆ ಸೇರತಕ್ಕದ್ದು.

ಕಡಿತ ಪಡೆದ ಹಳೆಯ ಐಆರ್‌ಎ ಹಣ ತಮ್ಮಲ್ಲಿದ್ದರೆ, ಅಥವಾ ಭಾರತಕ್ಕೆ ಮರಳುವ ಉದ್ದೇಶವಿದ್ದರೆ, ಎರಡು ದೇಶಗಳ ತೆರಿಗೆಯನ್ನೂ ಬಲ್ಲ ಲೆಕ್ಕಪರಿಶೋಧಕರನ್ನು ಮೊದಲೇ ಕಾಣಿರಿ.