ಸ್ಕೀ ಹಲಗೆಯ ಅಂಚು
ಆಸ್ಟ್ರಿಯದ ಕಿಟ್ಸ್‌ಬ್ಯೂಲ್ ಗಿರಿಪಾರ್ಶ್ವದಲ್ಲಿ ಸ್ಪರ್ಧಾಳುಗಳು ಗಂಟೆಗೆ 100 ಕಿಲೋಮೀಟರಿಗೂ ಮಿಕ್ಕ ವೇಗದಿಂದ ಜಾರಿ ಇಳಿಯುತ್ತಾರೆ. ಗಾಜಿನಂತೆ ಗಟ್ಟಿಗೊಂಡ ಆ ಹಿಮದ ಮೇಲೆ ಅವರ ಪ್ರಾಣವನ್ನು ಕಾಯುವುದು ಸ್ಕೀ ಹಲಗೆಯ ಅಂಚಿಗೆ ಕೂಡಿಸಿದ ಕಿರಿದಾದ ಉಕ್ಕಿನ ಪಟ್ಟಿ. ಆ ದೇಶದವನೇ ಆದ ರುಡಾಲ್ಫ್ ಲೆಟ್ನರನು 1920ರ ದಶಕದಲ್ಲಿ ಇದನ್ನು ರೂಪಿಸಿದನು.

ಇಂತಹ ಹಿಮಕ್ಕೆ ಪಟ್ಟಿಯ ಮೂಲೆ 90 ಡಿಗ್ರಿಗಳಷ್ಟಿದ್ದರೆ ಸಾಲದು. ಪಕ್ಕದ ಮೈಯನ್ನು 3 ಡಿಗ್ರಿಗಳಷ್ಟು ಓರೆಯಾಗಿ ಅರದಿಂದ ಉಜ್ಜಿದರೆ ಮೂಲೆ ಚೂಪಾಗಿ ಹಿಮವನ್ನು ಕಚ್ಚುತ್ತದೆ. ಚೂಪಾದುದು ಬೇಗ ಮೊಂಡಾಗುವುದೂ ಸಹಜ. ಕುಡುಗೋಲು ಹಿಡಿದವರಿಗೆ ಇದು ಹೊಸ ಮಾತಲ್ಲ. ಮೆದುಹಿಮದಲ್ಲಿ ಸಂಚರಿಸುವವರಿಗೆ 1 ಡಿಗ್ರಿಯೇ ಸಾಕು.

ತಳದ ಓರೆಯ ವಿಷಯದಲ್ಲಿ ಬಹು ಎಚ್ಚರ ಬೇಕು. ಅದು ಅರ್ಧದಿಂದ 1 ಡಿಗ್ರಿಯಷ್ಟಿರುವುದು ವಾಡಿಕೆ. ಓರೆ ಹೆಚ್ಚಿದಷ್ಟೂ ಹಲಗೆಯನ್ನು ಮತ್ತಷ್ಟು ವಾಲಿಸಿದ ಮೇಲೆಯೇ ಅಂಚು ಹಿಮವನ್ನು ಹಿಡಿಯುತ್ತದೆ. ಇಲ್ಲಿ ಅರವು ಒಮ್ಮೆ ಅತಿಯಾಗಿ ಓಡಿತೆಂದರೆ, ಇಡೀ ತಳವನ್ನೇ ಮಸೆದು ಸಮಮಾಡದೆ ಅನ್ಯಮಾರ್ಗವಿಲ್ಲ.